ಹಗ್ಗ ಹಿಡಿದ ಕೈ

ಪ್ರೀತಿಯ ಅಕ್ಕನಿಗೆ,

ನೀನು ಹಟ ಹಿಡಿದು ಕಳಿಸಿದ ಸಾಹಸ ಶಿಬಿರದಿಂದ ನಿನ್ನೆ ಬಂದೆ. ಕೈಕಾಲು ನೆಟ್ಟಗಿವೆ, ಮಂಡಿ ಮಾತ್ರ ತರಚಿದೆ.

ಎರಡು ವರ್ಷದ ಹಿಂದೆ ಇವರು ತೀರಿಕೊಂಡಮೇಲೆ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ನನಗೆ ಬೇರೆ ಜೊತೆಯೇ ಇರಲಿಲ್ಲ. ಶನಿವಾರ ಅಲ್ಲೂ ಮೂಲೆ ಹಿಡಿದು ಕೂತಿದ್ದೆ. ಬಂಡೆ ಹತ್ತಲು ನನಗೆ ಜೋಡಿಯಾಗಿ ಸಿಕ್ಕವಳು ಒಬ್ಬಳು ಬಸ್ ಡ್ರೈವರ್, ನನ್ನ ಎರಡು ಪಟ್ಟು ಇರುವ ಹೆಂಗಸು. ಅರ್ಧ ಏರುವಷ್ಟರಲ್ಲಿ ಕೆಳಗೆ ನೋಡಿ, ಬಂಡೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ. ನನ್ನ ಸೊಂಟದ ಹಗ್ಗ ಬಂಡೆಯ ತುದಿಯ ಕೊಂಡಿ ಹಾದು ಅವಳ ಕೈಗಿಳಿದಿತ್ತು. ಅವಳು ಕೆಳಗಿನಿಂದ ಕೂಗಿದಳು: "ಅಳು, ಪರ್ವಾಗಿಲ್ಲ. ಅಳ್ತಾ ಅಳ್ತಾನೇ ಹತ್ತು. ಹಗ್ಗ ನನ್ ಕೈಲಿದೆ."

ಹತ್ತಿದೆ.

ಆಮೇಲೆ ಅವಳ ಸರದಿ. ಶಿಬಿರದವರು ನನ್ನನ್ನು ಹಿಂದಿನ ಮರಕ್ಕೂ ಕಟ್ಟಿ, ಹಗ್ಗವನ್ನು ನನ್ನ ಸೊಂಟಕ್ಕೆ ಬಿಗಿದು ಕೈಗೆ ಕೊಟ್ಟರು. ನಾಲ್ಕಡಿ ಏರಿದವಳೇ ತಿರುಗಿ, "ಬಿಡಲ್ಲ ತಾನೆ?" ಎಂದಳು. ಅಷ್ಟು ದೊಡ್ಡ ದನಿ ಸಣ್ಣಗಾಗಿತ್ತು.

"ಪ್ರಾಣ ಹೋದ್ರೂ ಬಿಡಲ್ಲ, ನಡಿ," ಎಂದೆ.

ಅಕ್ಕ, ಈ ಎರಡು ವರ್ಷ ಎಲ್ಲರೂ ನನ್ನನ್ನು ಬೀಳದಂತೆ ಹಿಡಿದವರೇ. ನನ್ನನ್ನು ನಂಬಿ ಒಬ್ಬರು ಮೇಲೇರಿದ್ದು ಇದೇ ಮೊದಲು.

ಇನ್ನು ತಿಂಗಳಿಗೊಮ್ಮೆ ಅವಳೂ ನಾನೂ ಬಂಡೆ ಹತ್ತುವುದೆಂದು ಮಾತಾಗಿದೆ. ಬೇಸರ ಮಾಡಿಕೊಳ್ಳಬೇಡ, ನಿನ್ನ ಮನೆಯಲ್ಲಿ ನನಗೆಂದು ತೆರವು ಮಾಡಿಸಿದ ಕೋಣೆಯನ್ನು ಮಗಳಿಗೇ ಓದಲು ಕೊಟ್ಟುಬಿಡು. ನಾನು ಹೊಲಿಗೆ ಅಂಗಡಿ ಮುಚ್ಚುವುದಿಲ್ಲ, ಇಲ್ಲೇ ಇರುತ್ತೇನೆ. ಮುಂದಿನ ಭಾನುವಾರ ನೆಂಟಳಾಗಿ ಊಟಕ್ಕೆ ಬರುತ್ತೇನೆ. ಜೊತೆಗೆ ಡ್ರೈವರಮ್ಮನೂ ಬರುತ್ತಾಳೆ, ಅಡುಗೆ ಸ್ವಲ್ಪ ಜಾಸ್ತಿಯೇ ಮಾಡು.

ಇಂತಿ ನಿನ್ನ
ತಂಗಿ