ಎರಡನೆಯ ಶಿಫಾರಸು

ಢಾಕಾ
೧೧ ನವೆಂಬರ್ ೨೦೨೩

ಪ್ರೀತಿಯ ಮೆಹರುನ್,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಎಷ್ಟು ಬೇಕಾದರೂ ಬೈ. ಕೆಲಸವಿತ್ತು ಎಂದು ಸುಳ್ಳು ಹೇಳಲಾರೆ.

ಸಾರ್ವಜನಿಕ ಆರೋಗ್ಯ ಓದುವ ಮಕ್ಕಳಿಗೆ ಬಿಡುವಿನಲ್ಲಿ ದಾರಿ ತೋರಿಸಿ ಎಂದು ಕಾಲೇಜು ನಮ್ಮಂಥ ಹಳಬರನ್ನು ಕೇಳಿತ್ತಲ್ಲ, ನನ್ನ ಪಾಲಿಗೆ ಬಂದವಳು ತಾಸ್ನುವಾ. ವರ್ಷದಿಂದ ಪ್ರತಿ ಶುಕ್ರವಾರ ಬರುತ್ತಾಳೆ. ಖಿಚುಡಿ ಮಾಡಿಟ್ಟಿರುತ್ತೇನೆ. ಊರಿನ ಜನರನ್ನು ಕೇಳಲು ಅವಳು ಬರೆದುಕೊಂಡ ಪ್ರಶ್ನಾವಳಿಯನ್ನು ನಾಲ್ಕು ಸಲ ತಿದ್ದಿಕೊಟ್ಟಿದ್ದೇನೆ.

ಆಗಸ್ಟ್‌ನಲ್ಲಿ ನದೀತೀರದ ಬರಿಸಾಲ್‌ನ ನಿನ್ನ ಆರೋಗ್ಯ ಶಿಬಿರದಲ್ಲಿ ಮೂರು ದಿನ ಇದ್ದು ಬಂದಳು. ಮೂರೇ ದಿನ! ಅಂದಿನಿಂದ ನನ್ನ ಮನೆಯಲ್ಲಿ ನಿನ್ನದೇ ಮಾತು. ಅವಳ ಬಾಯಲ್ಲಿ ನಾನೂ ಆಪಾ, ನೀನೂ ಆಪಾ, ಇಬ್ಬರೂ ಅಕ್ಕಂದಿರೇ.

"ಮೆಹರುನ್ ಆಪಾ ನೋಟ್‌ಬುಕ್ಕೇ ತೆಗೆಯಲ್ಲ ಆಪಾ. ಈಳಿಗೆಮಣೆ ಎಳ್ಕೊಂಡು ಹೆಂಗಸರ ಜೊತೆ ಮೀನು ಕೊಯ್ತಾ ಕೂರ್ತಾರೆ. ಮಗೂಗೆ ಭೇದಿಯಾದಾಗ ನೀರು ಯಾಕೆ ಕೊಡಲಿಲ್ಲ ಅಂತ ಆ ಹೆಂಗಸರೇ ಹೇಳಿಬಿಡ್ತಾರೆ!"

"ನಿನ್ನ ಆಪಾಗೆ ಮೀನು ಕೊಯ್ಯೋಕೇ ಬರಲ್ಲ. ಹಾಸ್ಟೆಲಲ್ಲಿ ನಾನೇ ಕೊಯ್ದುಕೊಡ್ತಿದ್ದೆ" ಅಂದೆ.

"ಈಗ್ಲೂ ಬರಲ್ಲ! ಅದಕ್ಕೇ ಎಲ್ಲ ನಗ್ತಾರೆ, ನಗ್ತಾ ನಗ್ತಾ ಮಾತಾಡ್ತಾರೆ."

ನನ್ನ ತಟ್ಟೆ ಪಕ್ಕಕ್ಕೆ ಸರಿಸಿದೆ ಕಣೇ. ನಿನಗೆ ಬಾರದ ಕೆಲಸವೂ ನಿನ್ನ ಕೈಹಿಡಿಯುತ್ತದೆ.

ಈಗ ನಿನ್ನ ಹತ್ತಿರ ಆರು ತಿಂಗಳ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ನನ್ನ ಶಿಫಾರಸಿಲ್ಲದೆ ಅದು ಮುಂದೆ ಹೋಗದು. ಹದಿನೈದನೆಯ ತಾರೀಖು ಕಡೆಯ ದಿನ. ಮೂರು ವಾರ "ಬರೆದ್ರಾ ಆಪಾ?" ಎಂದಳು, "ನಾಳೆ ಕಣಮ್ಮ" ಎಂದೆ. ನಿನ್ನೆ ಕೇಳಲೇ ಇಲ್ಲ. ಉಂಡು, ತಟ್ಟೆ ತೊಳೆದಿಟ್ಟು ಹೋದಳು.

ಶಿಫಾರಸು ಈ ಲಕೋಟೆಯಲ್ಲೇ ಇದೆ. ಅವಳನ್ನು ಸೇರಿಸಿಕೋ. ಬೆಳಿಗ್ಗೆ ಏನೂ ತಿನ್ನದೆ ಓಡುತ್ತಾಳೆ, ಗದರಿಸಿ ಕೂರಿಸು. ಅಲ್ಲಾಹ್ ನಿಮ್ಮಿಬ್ಬರನ್ನೂ ಕಾಯಲಿ, ನಿನ್ನ ಅಂಗಳ ಸದಾ ಗದ್ದಲದಿಂದ ತುಂಬಿರಲಿ.

ನಿನ್ನ
ಲುತ್ಫಾ

ತಾ.ಕ.: ಮೊದಲು ಬರೆದ ಶಿಫಾರಸನ್ನು ಹರಿದು ಹಾಕಿದೆ. "ಎಲ್ಲ ಬಲ್ಲಳು, ಆದರೆ ಇವಳೆದುರು ಜನ ಬಾಯಿ ಬಿಡುವುದಿಲ್ಲ" ಎಂದು ಅದರಲ್ಲಿ ಬರೆದಿದ್ದೆ. ತಾಸ್ನುವಾಳ ಮಟ್ಟಿಗೆ ಅದು ಶುದ್ಧ ಸುಳ್ಳು. ಇಪ್ಪತ್ತೈದು ವರ್ಷದ ಹಿಂದೆ, ನಮ್ಮಿಬ್ಬರಲ್ಲಿ ನಿನ್ನನ್ನು ನದೀತೀರದ ಊರುಗಳ ಕೆಲಸಕ್ಕೆ ಆರಿಸುವಾಗ, ನಮ್ಮ ಸರ್ ನನ್ನ ಬಗ್ಗೆ ಆಡಿದ ಮಾತು ಅದು. ಅಮ್ಮನಿಗೆ ಹುಷಾರಿಲ್ಲ, ಅದಕ್ಕೇ ಆ ಕೆಲಸ ನಾನೇ ಬಿಟ್ಟುಕೊಟ್ಟೆ ಎಂದು ನಿನಗೆ ಹೇಳಿದ್ದೆ. ಅಮ್ಮ ಚೆನ್ನಾಗಿಯೇ ಇದ್ದಳು.