ಒಡಪಿನಲ್ಲಿ ಬಂದ ಹೆಸರು

ಶೈಲಾ,

ನಿನ್ನ ಮದುವೆಗೆ ಗಂಡನ ಹೆಸರು ಸೇರಿಸಿ ಹೇಳುವ ಒಡಪು ಕಟ್ಟಿಕೊಟ್ಟ ಮೇಲೆ ನನಗೆ ಇನ್ನೊಂದು ಒಡಪು ಹೊಳೆದಿರಲಿಲ್ಲ. ಶಾಲೆ ಬಿಟ್ಟವನಿಗೆ ಕೊಟ್ಟೂರಿನಲ್ಲಿ ಇದ್ದ ಮರ್ಯಾದೆ ಒಡಪು ಕಟ್ಟುವುದೊಂದೇ. ಕೇಳಲು ಬಂದ ಹುಡುಗಿಯರಿಗೆಲ್ಲ ಬರುತ್ತಿಲ್ಲವೆಂದು ನಿಜವನ್ನೇ ಹೇಳಿ ಕಳಿಸುತ್ತಿದ್ದೆ.

ಇವತ್ತು ಚಿಕ್ಕಪ್ಪನ ಮಗಳು ರೋಜಾ ನಾನು ಕೆಲಸ ಮಾಡುವ ಹಿಟ್ಟಿನ ಗಿರಣಿಗೇ ಬಂದು ಹಿಡಿದಳು.

"ಲಗ್ನ ಹತ್ರ ಬಂತಣ್ಣ. ಹೊಸ್ತಿಲದಾಗ ನಿಂದರಿಸಿ ಗಂಡನ ಹೆಸರು ಕೇಳ್ತಾರ. ಒಂದು ಒಡಪು ಕಟ್ಟಿಕೊಡು."

"ಹೊಳಿವಲ್ದವ್ವ."

"ಶೈಲಕ್ಕಗ ಹೊಳಿತು, ತಂಗಿಗೆ ಹೊಳಿಯಂಗಿಲ್ಲೇನು?"

ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ಹಡಗಲಿ ಮಲ್ಲಿಗಿ ಮುಡಿತೀನಿ ಮೆತ್ತಗ, ಮೈಲಾರೇಶನ ಹೆಸರು ಹೇಳ್ತೀನಿ ಮೆಲ್ಲಗ."

"ಅಣ್ಣಾ, ಅದು ನಿನ್ನ ಹೆಸರು! ನನ್ನ ಗಂಡ ಪಾಲಾಕ್ಷ."

ಹಿಟ್ಟಿಗೆ ಕಾದಿದ್ದ ಹೆಂಗಸರು ಗೊಳ್ಳೆಂದು ನಕ್ಕರು. "ಯಾರ ಬಾಯಾಗ ಹೇಳಸಾಕ ಕಟ್ಟಿದ್ದಿ ಲೇ ಇದನ್ನ?" ಎಂದಳು ಒಬ್ಬ ಮುದುಕಿ.

ತಲೆ ಎತ್ತಲಾಗಲಿಲ್ಲ. ಆದರೆ ಅದಾದ ಮೇಲೆ ಪಾಲಾಕ್ಷನ ಒಡಪು ಸಲೀಸಾಗಿ ಬಂತು.

ನನಗೆ ನಾಚಿಕೆಯಾದದ್ದು ಅವರು ನಕ್ಕಿದ್ದಕ್ಕಲ್ಲ, ಮುದುಕಿಯ ಪ್ರಶ್ನೆಗೆ ನಿನ್ನ ಮುಖ ನೆನಪಾದದ್ದಕ್ಕೆ. ಅಂದು ನೀನು ಒಡಪು ಬೇಕೆಂದು ನಮ್ಮ ಬಾಗಿಲಿಗೆ ಬಂದವಳು, ಗಂಡಿನ ಹೆಸರು ಹೇಳದೆ ಬಹಳ ಹೊತ್ತು ನನ್ನನ್ನೇ ನೋಡುತ್ತಾ ನಿಂತಿದ್ದೆ. ಹುಡುಗನ ಹೆಸರೇನು ಎಂದು ನಾನೇ ಕೇಳಿದೆ.

ಮೈಲಾರೇಶ