ಹಡಗಿನ ಮೇಲೆ ಕೂತ ಹಕ್ಕಿ

ಅಕ್ಕಾ,

ಇವತ್ತು ಮ್ಯೂಸಿಯಮ್ಮಿನ ಕೆಲಸದಲ್ಲಿ ನಾನು ಒಂದು ಸತ್ತ ಕಡಲಹಕ್ಕಿಯ ಕಾಲಿಗೆ ವೈಜ್ಞಾನಿಕ ಹೆಸರಿನ ಚೀಟಿ ಕಟ್ಟಿದೆ. ಅನೌಸ್ ಸ್ಟಾಲಿಡಸ್. ಮೊದಲನೆಯದು ಗ್ರೀಕ್, ಬುದ್ಧಿಯಿಲ್ಲದ್ದು. ಎರಡನೆಯದು ಲ್ಯಾಟಿನ್, ಮಂಕು. ಹಡಗಿನ ಮೇಲೆ ಬಂದು ಕೂತರೆ ನಾವಿಕರು ಕೈಯಲ್ಲೇ ಹಿಡಿಯುತ್ತಿದ್ದರಂತೆ, ಹಾರಿಹೋಗುತ್ತಲೇ ಇರಲಿಲ್ಲವಂತೆ. ಅದಕ್ಕೇ ಈ ಹೆಸರು.

"ಪಾಪ, ಎರಡೆರಡು ಭಾಷೇಲಿ ಬೈದಿದ್ದಾರಲ್ಲೇ!" ಅಂತ ಜೊತೆಯವಳು ನಕ್ಕಳು. ನನಗೆ ನಗು ಬರಲಿಲ್ಲ.

ನಿನ್ನ ಹೆಣ ತಂದ ದಿನ ಅಮ್ಮನೂ ಹೇಳಿದಳು: "ಗಂಡ ಅಷ್ಟು ಹೊಡೀತಿದ್ನಲ್ಲ, ಬಿಟ್ಟು ಬರಬಾರ್ದಿತ್ತಾ? ದಡ್ಡಿ ಕಣೇ ಇವಳು."

ನೀನು ಬಂದಿದ್ದೆ. ಚೀಲ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಸಂಜೆಯೊಳಗೆ ಬುದ್ಧಿ ಹೇಳಿ ಮತ್ತೆ ಅವನೂರಿನ ಬಸ್ಸು ಹತ್ತಿಸಿದೆವು.

ಚೀಟಿಯ ದಾರ ಬಿಗಿದು ಡ್ರಾಯರ್ ಮುಚ್ಚಿದೆ. ಸುತ್ತ ಬರೀ ನೀರೇ ಇರುವಾಗ, ಅಕ್ಕಾ, ಅದು ಹಾರಿ ಎಲ್ಲಿಗೆ ಹೋಗಬೇಕಿತ್ತು?